ನಾದಾಬನ ಎರಡು ವರ್ಷ

ಬ್ರಹ್ಮಾವರ

ನಮ್ಮ ಗುಂಪಿನಲ್ಲಿ ಹಣೆಗೆ ಕುಂಕುಮ ಇಟ್ಟವಳು ನಾನೊಬ್ಬಳೇ. ಉಳಿದವರೆಲ್ಲ ಬ್ರಹ್ಮಾವರ, ಕುಂದಾಪುರ ಕಡೆಯ ಇಗರ್ಜಿಯ ಜನ. ಕುತ್ತಿಗೆಯಲ್ಲಿ ಶಿಲುಬೆ, ಕೈಯಲ್ಲಿ ಜಪಸರ, ತಲೆಗೆ ಎಲ್ಲರಿಗೂ ಒಂದೇ ಹಳದಿ ಟೊಪ್ಪಿ. ಟೊಪ್ಪಿ ನನಗೂ ಕೊಟ್ಟಿದ್ದರು. ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಬಸ್ಸು ಹೊರಡುವ ಮುಂಚೆ ಫಾದರ್ ಎಲ್ಲರ ಮೇಲೆ ತೀರ್ಥ ಚಿಮುಕಿಸುತ್ತ ಬಂದರು. ನನ್ನ ಹತ್ತಿರ ಬಂದಾಗ ಹಾಕಲೋ ಬೇಡವೋ ಎಂದು ಮುಖ ನೋಡಿದರು. ನಾನು ತಲೆ ತಗ್ಗಿಸಿದೆ, ಅವರು ಹಾಕಿದರು. ಕುಂಕುಮ ಸ್ವಲ್ಪ ಕರಗಿ ಮೂಗಿಗೆ ಬಂತು.

ಜೆರುಸಲೇಮಿನ ಈ ಯಾತ್ರೆಗೆ ನನ್ನ ಹೆಸರು ಕೊಟ್ಟವರು ಸೆಲಿನ್ ಟೀಚರ್. ತಮ್ಮದು, ತಮ್ಮ ಗಂಡ ಮಾರ್ಸೆಲರದು, ನನ್ನದು, ಹೀಗೆ ಮೂರು ಹೆಸರು ಒಟ್ಟಿಗೆ. ಅದಾಗಿ ಸ್ವಲ್ಪ ಸಮಯದಲ್ಲೇ ಅವರಿಗೆ ಕಾಯಿಲೆ ಬಂತು, ಯಾತ್ರೆ ಮುಂದಕ್ಕೆ ಹೋಯಿತು, ಅವರು ತೀರಿಕೊಂಡರು. ಮತ್ತೆ ದಿನ ಗೊತ್ತಾದಾಗ ಮಾರ್ಸೆಲ್ ನಮ್ಮ ಮನೆಯ ಮೆಟ್ಟಿಲ ತನಕ ಬಂದು, ಒಳಗೆ ಬಾರದೆ, ನಿಂತುಕೊಂಡೇ ಹೇಳಿದರು.

"ಟೀಚರೇ, ಅವ್ಳ್ ಹೆಸ್ರ್ ತೆಗ್ದ್ರ್. ನಿಮ್ದ್ ತೆಗಿಲಿಲ್ಲ. ನೀವ್ ಬತ್ರಿ ಅಲ್ದಾ?"

ಬರುತ್ತೇನೆ ಎಂದೆ. ಆಮೇಲೆ ಅವರು ಬಂದ ನಿಜವಾದ ಕೆಲಸ ಹೊರಗೆ ಬಂತು. ಸೆಲಿನ್ ಟೀಚರ್ ತೀರಿಕೊಂಡ ವರ್ಷದ ಪೂಜೆಯ ದಿನ ಅವರ ಸಮಾಧಿಗೆ ಕಲ್ಲು ಇಡಬೇಕು. ಕಾರ್ಕಳದಲ್ಲಿ ಕಲ್ಲು ಸಿದ್ಧವಾಗಿದೆ, ಹೆಸರು ಕೆತ್ತಿ ಆಗಿದೆ, ಪ್ರಾಯದ ಅಂಕೆ ಒಂದು ಬಾಕಿ.

"ಅರವತ್ತೆರಡ್ ಅಂದೇಳಿ ಬರೆಸೂದಲ್ದಾ?" ಎಂದರು.

"ಇಲ್ಲ, ಅರವತ್ತೊಂದ್. ತುಂಬಿದ್ದ್ ಅರವತ್ತೊಂದೇ."

"ಅರವತ್ತೆರಡ್ ನಡೀತಾ ಇದ್ದಿತಲ್ದಾ."

"ನಡೀತಾ ಇದ್ದದ್ದನ್ನ್ ಲೆಕ್ಕಕ್ಕೆ ತಕಂಬುಕೆ ಆತಿಲ್ಲ."

ಮಾರ್ಸೆಲ್ ಮೆಟ್ಟಿಲ ಕೆಳಗೆ ಬಿಟ್ಟಿದ್ದ ಚಪ್ಪಲಿ ಹಾಕಿಕೊಂಡರು. ಗಣಿತದ ಟೀಚರ್ ಹೇಳಿದ ಮೇಲೆ ಅವರಾದರೂ ಏನು ಮಾಡುತ್ತಾರೆ ಎಂದು ನಾನು ಒಳಗೆ ಬಂದೆ. ಆದರೆ ಅವರು ಕಾರ್ಕಳಕ್ಕೆ ಫೋನ್ ಮಾಡಲಿಲ್ಲ. ಅಂಕೆ ಬಾಕಿ ಇಟ್ಟೇ ನಾವಿಬ್ಬರೂ ವಿಮಾನ ಹತ್ತಿದೆವು. ನಮ್ಮಿಬ್ಬರ ಸೀಟು ಒಂದೇ ಸಾಲಿನಲ್ಲಿ, ಮಧ್ಯದ ಸೀಟಿನಲ್ಲಿ ಯಾರೋ ಗೊತ್ತಿಲ್ಲದವರು ನಿದ್ದೆ ಹೋಗಿದ್ದರು.

ಬಸ್ಸಿನ ಹದಿಮೂರು ವರ್ಷ

ಅಲ್ಲಿಗೆ ಹೋಗಿ ನಾನು ಏನು ನೋಡಬೇಕೆಂದಿದ್ದೆ ಎನ್ನುವುದನ್ನು ಇಲ್ಲೇ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಯಾವುದರ ತಲೆಬುಡವೂ ಅರ್ಥವಾಗುವುದಿಲ್ಲ.

1997ರಲ್ಲಿ ನಾನು ಕುಂದಾಪುರದ ಹೈಸ್ಕೂಲಿಗೆ ವರ್ಗವಾದೆ. ಸೆಲಿನ್ ಟೀಚರ್ ಅಲ್ಲಿ ಚರಿತ್ರೆ ಕಲಿಸುತ್ತಿದ್ದರು. ಇಬ್ಬರ ಮನೆಯೂ ಬ್ರಹ್ಮಾವರ, ಇಬ್ಬರಿಗೂ ಬೆಳಗಿನ ಒಂದೇ ಬಸ್ಸು. ನಾನು ಮದುವೆಯಾಗದವಳು. ಅವರು ಮದುವೆಯಾದವರು, ಆದರೆ ಮಕ್ಕಳಿಲ್ಲ, ಗಂಡ ಬೊಂಬಾಯಿಯಲ್ಲಿ ಹೋಟೆಲಿನ ಸ್ಟೋರು ನೋಡಿಕೊಳ್ಳುತ್ತಿದ್ದವರು, ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಹೋಗುವವರು. ಮೊದಲ ದಿನ ಮಾಬುಕಳ ಸೇತುವೆ ದಾಟುವಾಗಲೇ ಸೆಲಿನ್ ಟೀಚರ್ ನನಗೊಂದು ಲೆಕ್ಕ ಕೊಟ್ಟರು. ಭಾನುವಾರ ಇಗರ್ಜಿಯಲ್ಲಿ ಮಕ್ಕಳಿಗೆ ಪಾಠ ಹೇಳುವಾಗ ಒಬ್ಬ ಹುಡುಗಿ ಕೇಳಿದ ಪ್ರಶ್ನೆಯಂತೆ.

ಪುರಾತನ ಹೀಬ್ರೂ ಜನರ ರಾಜ್ಯ ಎರಡಾಗಿ ಒಡೆಯಿತು. ಉತ್ತರದಲ್ಲಿ ಇಸ್ರಾಯೇಲು, ದಕ್ಷಿಣದಲ್ಲಿ ಯೆಹೂದ. ಎರಡಕ್ಕೂ ಹೊಸ ಅರಸರು ಒಂದೇ ಸಮಯಕ್ಕೆ ಬಂದರು. ಕೆಲವು ತಲೆಮಾರು ಕಳೆದ ಮೇಲೆ ಒಬ್ಬ ಸೇನಾಪತಿ ದಂಗೆ ಎದ್ದು ಎರಡೂ ಕಡೆಯ ಅರಸರನ್ನು ಒಂದೇ ಸಲಕ್ಕೆ ಮುಗಿಸಿದ. ಅಂದರೆ ಎರಡೂ ಪಟ್ಟಿ ಒಟ್ಟಿಗೆ ಶುರು, ಒಟ್ಟಿಗೆ ಮುಕ್ತಾಯ. ಯಾವ ಅರಸ ಎಷ್ಟು ವರ್ಷ ಆಳಿದ ಎನ್ನುವುದು ಅವರ ಧರ್ಮಗ್ರಂಥದಲ್ಲೇ ಇದೆ. ಕೂಡಿದರೆ ಉತ್ತರಕ್ಕೆ ತೊಂಬತ್ತೆಂಟು, ದಕ್ಷಿಣಕ್ಕೆ ತೊಂಬತ್ತೈದು.

"ಬರ್ಕಂಡವ ತಪ್ಪ್ ಮಾಡಿರ್ತ," ಎಂದೆ ನಾನು.

"ತಪ್ಪಲ್ಲ ಟೀಚರೇ. ಅವ್ರ್ ಹ್ಯಾಂಗೆ ಲೆಕ್ಕ ಹಿಡಿತಿದ್ರ್ ಅಂದೇಳಿ ನಮ್ಗೆ ಗೊತ್ತಿಲ್ಲ, ಅಷ್ಟೇ," ಎಂದರು ಅವರು.

ಈ ಎರಡು ಮಾತಿನ ಮೇಲೆ ನಾವು ಹದಿಮೂರು ವರ್ಷ ಬಸ್ಸಿನಲ್ಲಿ ಜಗಳವಾಡಿದೆವು. ಕೋಟ, ತೆಕ್ಕಟ್ಟೆ, ಕುಂಭಾಶಿ, ಎಲ್ಲ ಊರೂ ಅರಸರ ಹೆಸರಿನಲ್ಲೇ ದಾಟಿದವು. ಕಂಡಕ್ಟರ್‌ಗಳು ನಾವು ನಮ್ಮ ನೆಂಟರ ಆಸ್ತಿಯ ವ್ಯಾಜ್ಯ ಮಾತಾಡುತ್ತಿದ್ದೇವೆ ಎಂದುಕೊಂಡಿದ್ದರು.

ಉತ್ತರದ ಗಂಟು ಬಿಡಿಸಿದ್ದು ಸೆಲಿನ್ ಟೀಚರೇ. ಹೆಡ್ಮಾಷ್ಟರ ಕೋಣೆಯಲ್ಲಿ ಹಿಂದಿನ ಹೆಡ್ಮಾಷ್ಟರುಗಳ ಹೆಸರಿನ ಬೋರ್ಡು ಎಲ್ಲ ಶಾಲೆಯಲ್ಲೂ ಇರುತ್ತದೆ. ಒಬ್ಬರು ಜುಲೈಯಲ್ಲಿ ನಿವೃತ್ತರಾಗಿ ಇನ್ನೊಬ್ಬರು ಆಗಸ್ಟಿನಲ್ಲಿ ಬಂದರೆ ಆ ವರ್ಷ ಇಬ್ಬರ ಹೆಸರಿನ ಮುಂದೆಯೂ ಬರುತ್ತದೆ. ಎಲ್ಲರ ವರ್ಷವನ್ನೂ ಎಣಿಸಿ ಕೂಡಿದರೆ ಶಾಲೆಗೆ ಅದರ ಪ್ರಾಯಕ್ಕಿಂತ ಹೆಚ್ಚು ವರ್ಷವಾಗುತ್ತದೆ. ಉತ್ತರದವರ ಲೆಕ್ಕ ಇದೇ ಎಂದರು ಸೆಲಿನ್ ಟೀಚರ್. ಅದಕ್ಕೆ ಅವರಿಗೆ ಪ್ರೀತಿಯ ಸಾಕ್ಷಿ ನಾದಾಬನೆಂಬ ಅರಸ. ದಕ್ಷಿಣದ ಆಸ ಎಂಬ ಅರಸನ ಎರಡನೇ ವರ್ಷದಲ್ಲಿ ಅವನು ಪಟ್ಟಕ್ಕೆ ಬಂದ, ಆಸನ ಮೂರನೇ ವರ್ಷದಲ್ಲಿ ಕೊಲೆಯಾದ, ಆದರೂ ಅವನು ಎರಡು ವರ್ಷ ಆಳಿದನೆಂದೇ ಬರೆದಿದೆ. ಪಟ್ಟಕ್ಕೆ ಬಂದ ತುಂಡು ವರ್ಷ ಒಂದು, ಸತ್ತ ತುಂಡು ವರ್ಷ ಒಂದು. ಎರಡನ್ನೂ ಇಡಿಯಾಗಿ ಕೊಟ್ಟುಬಿಟ್ಟರು. ನಡುವೆ ಜಿಮ್ರಿ ಎಂಬವನು ಏಳು ದಿನ ಆಳಿದ್ದಾನೆ, ಅವನನ್ನು ನಾವು ಪ್ರಭಾರ ಹೆಡ್ಮಾಷ್ಟರು ಎಂದು ಬಿಟ್ಟೆವು. ಉಳಿದ ಎಂಟು ಅರಸರಿಗೆ ಒಂದೊಂದು ವರ್ಷ ಕಳೆದರೆ ತೊಂಬತ್ತು.

ದಕ್ಷಿಣದವರು ನನ್ನ ಹಾಗೆ, ತುಂಬಿದ್ದನ್ನು ಮಾತ್ರ ಎಣಿಸುವವರು. ಅವರ ತೊಂಬತ್ತೈದು ಹಾಗೇ ನಿಂತಿತ್ತು, ಐದು ಹೆಚ್ಚು. ಅದಕ್ಕೂ ಸೆಲಿನ್ ಟೀಚರಲ್ಲಿ ಉತ್ತರವಿತ್ತು. ಆಸನಿಗೆ ಮುದಿಪ್ರಾಯದಲ್ಲಿ ಕಾಲಿನ ರೋಗ, ಮಗ ಬಂದು ಪಕ್ಕದಲ್ಲಿ ಕೂತು ಆಳಿದ, ಆ ಮೂರು ವರ್ಷವನ್ನು ಅಪ್ಪನೂ ಎಣಿಸಿದ, ಮಗನೂ ಎಣಿಸಿದ. ಇನ್ನೆರಡು? ಆಮೇಲೆ ದಕ್ಷಿಣದ ಅರಮನೆಗೆ ಉತ್ತರದಿಂದ ಸೊಸೆ ಬಂದಳು. ಸೊಸೆ ಬಂದ ಮೇಲೆ ಮನೆಯ ಸಾರಿನ ರುಚಿಯೇ ಬದಲಾಗುತ್ತದೆ, ಲೆಕ್ಕ ಬದಲಾಗದೆ ಇರುತ್ತದೆಯೇ ಎಂದು ಅವರ ವಾದ. ಅಲ್ಲಿಂದ ಮುಂದೆ ಇಬ್ಬರು ಅರಸರಿಗೆ ಉತ್ತರದ ರೀತಿಯಲ್ಲಿ ಎಣಿಸಿದರು, ಎರಡು ವರ್ಷ ಹೋಯಿತು, ತೊಂಬತ್ತು.

ನಾನು ಒಪ್ಪಲಿಲ್ಲ. ಪುಸ್ತಕದ ಕೊನೆಯಲ್ಲಿ ಉತ್ತರ ನೋಡಿಕೊಂಡು ಲೆಕ್ಕ ಮಾಡುವ ಮಕ್ಕಳ ಹಾಗೆ ಮಾಡುತ್ತೀರಿ ಎಂದೆ. ಅವರು ನಕ್ಕರು. ಉತ್ತರದ ಗಡಿಯ ಒಂದೂರಿನಲ್ಲಿ ಸಿಕ್ಕಿದ ಕಪ್ಪು ಕಲ್ಲೊಂದು ಜೆರುಸಲೇಮಿನ ಮ್ಯೂಸಿಯಮ್ಮಿನಲ್ಲಿದೆ, ಎರಡೂ ಪಟ್ಟಿಗಳ ಕೊನೆಯ ಆ ಇಬ್ಬರು ಅರಸರ ಸಾವಿನ ಮಾತು ಅದರಲ್ಲಿದೆಯಂತೆ, ಹೋಗಿ ಕಾಂಬ ಎಂದರು. ಇದು ಒಂದು ಹುಚ್ಚು ಎಂದು ನನಗೂ ಗೊತ್ತು. ಆದರೆ ಇಡೀ ಊರಿನಲ್ಲಿ ಈ ಹುಚ್ಚು ಇದ್ದವರು ಇಬ್ಬರೇ. ಈಗ ನಾದಾಬ ಎಂದರೆ ತಿರುಗಿ ನೋಡುವವರು ನನಗೆ ಯಾರೂ ಇಲ್ಲ.

ಗಡಿ

ಜೋರ್ಡಾನಿನಿಂದ ಇಸ್ರೇಲಿಗೆ ರಸ್ತೆಯ ಮೇಲೆ ದಾಟುವುದು. ಗಡಿಯ ಕಚೇರಿಯಲ್ಲಿ ಎಲ್ಲರ ಚೀಲಗಳೂ ಯಂತ್ರದೊಳಗೆ ಹೋಗಿ ಹೊರಗೆ ಬಂದವು, ನನ್ನದು ಬರಲಿಲ್ಲ. ಮಿಡಿ ಉಪ್ಪಿನಕಾಯಿಯ ಬಾಟಲಿ ಅವರಿಗೆ ಏನಾಗಿ ಕಂಡಿತೋ. ಒಬ್ಬ ಹುಡುಗ ಸೈನಿಕ ಮುಚ್ಚಳ ತೆಗೆದು ಮೂಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ದೂರ ಹಿಡಿದು ನನಗೇ ಕೊಟ್ಟ. ಅಷ್ಟರಲ್ಲಿ ಎಣ್ಣೆ ಸೋರಿ ಹಳದಿ ಟೊಪ್ಪಿ ಕೆಂಪಾಗಿತ್ತು.

ಕಿಟಕಿಯ ಹಿಂದೆ ಕೂತ ಹುಡುಗಿಗೆ ನನ್ನ ಹಳೆಯ ಶಿಷ್ಯೆಯರಷ್ಟು ಪ್ರಾಯ. ಪಾಸ್‌ಪೋರ್ಟ್ ನೋಡಿದಳು, ಕುಂಕುಮ ನೋಡಿದಳು.

"ನೀವು ಕ್ರೈಸ್ತರೇ?"

"ಅಲ್ಲ."

"ಈ ಗುಂಪಿನಲ್ಲಿ ನಿಮಗೆ ಯಾರು ಗೊತ್ತು?"

ನಾನು ಮಾರ್ಸೆಲರನ್ನು ತೋರಿಸಿದೆ.

"ಅವರು ನಿಮಗೆ ಏನಾಗಬೇಕು?"

"ನನ್ನ ಸ್ನೇಹಿತೆಯ ಗಂಡ."

"ಸ್ನೇಹಿತೆ ಎಲ್ಲಿ?"

"ತೀರಿಕೊಂಡಿದ್ದಾರೆ."

ಅವಳು ಪೆನ್ನು ಕೆಳಗಿಟ್ಟು ನನ್ನನ್ನು ಸರಿಯಾಗಿ ನೋಡಿದಳು. "ಹಾಗಾದರೆ ನೀವು ಇಬ್ಬರೂ ಒಟ್ಟಿಗೆ ಯಾಕೆ ಬಂದಿದ್ದೀರಿ?"

ಅದು ಪೊಲೀಸ್ ಪ್ರಶ್ನೆ, ಅವಳ ಕೆಲಸವೇ ಅದು. ಆದರೂ ನನಗೆ ಸಾವಿನ ಮನೆ ನೆನಪಾಯಿತು. ಸಾವಿನ ದಿನ ಬೈಂದೂರಿನಿಂದ ಬಂದ ಸೆಲಿನ್ ಟೀಚರ ಅಣ್ಣ ಅಳುತ್ತ, ಇಪ್ಪತ್ತೆಂಟು ವರ್ಷ ನಮ್ಮ ಮನೆಯಲ್ಲಿದ್ದವಳು ಎಂದರು. ಮಾರ್ಸೆಲ್, ಮೂವತ್ತೈದು ವರ್ಷದ ಸಂಸಾರ ಎಂದರು. ಲೆಕ್ಕದ ಟೀಚರಿಗೆ ಸಾವಿನ ಮನೆಯಲ್ಲೂ ಕೂಡುವ ಚಟ. ಅರವತ್ತಮೂರಾಯಿತು, ಇದ್ದವರು ಅರವತ್ತೊಂದು ವರ್ಷ, ಇಬ್ಬರೂ ತುಂಡು ವರ್ಷಗಳನ್ನು ಇಡಿಯಾಗಿ ಹಿಡಿದಿದ್ದಾರೆ ಎಂದು ಮನಸ್ಸಿನಲ್ಲೇ ತಿದ್ದಿದೆ. ನನ್ನ ಹದಿಮೂರು ವರ್ಷವನ್ನು ಯಾರೂ ಕೇಳಲಿಲ್ಲ. ಬಸ್ಸಿನ ಸೀಟಿನಲ್ಲಿ ಕಳೆದ ವರ್ಷಗಳಿಗೆ ಯಾವ ಮನೆಯೂ ಇಲ್ಲ. ಇಗರ್ಜಿಯ ಕೊನೆಯ ಸಾಲಿನಲ್ಲಿ ನಿಂತು, ಯಾವಾಗ ಎದ್ದು ನಿಲ್ಲಬೇಕು, ಯಾವಾಗ ಮೊಣಕಾಲೂರಬೇಕು ಗೊತ್ತಾಗದೆ, ಎದುರಿನವರನ್ನು ನೋಡಿ ಮಾಡಿದೆ.

ಇದನ್ನೆಲ್ಲ ಕಿಟಕಿಯ ಹುಡುಗಿಗೆ ಯಾವ ಭಾಷೆಯಲ್ಲಿ ಹೇಳುವುದು? "ಮೊದಲೇ ಹೆಸರು ಕೊಟ್ಟಾಗಿತ್ತು," ಎಂದೆ. ಅವಳು ನನ್ನನ್ನು ಒಂದು ಬೆಂಚಿನ ಮೇಲೆ ಕೂರಿಸಿದಳು. ಗುಂಪಿನವರೆಲ್ಲ ಹೋಗಿ ಬಸ್ಸಿನಲ್ಲಿ ಕೂತರು. ಮಾರ್ಸೆಲ್ ಮಾತ್ರ ಗೆರೆಯ ಆಚೆ, ನನ್ನ ಕಡೆ ನೋಡದೆ, ಚೀಲ ಕಾಲ ಹತ್ತಿರ ಇಟ್ಟುಕೊಂಡು ನಿಂತಿದ್ದರು. ನನಗೆ ಒಳಗೆ ಬಿಡುವ ಚೀಟಿ ಸಿಕ್ಕಿದ ಮೇಲೆ ಚೀಲ ಎತ್ತಿಕೊಂಡು ಮುಂದೆ ನಡೆದರು.

ಜೆರುಸಲೇಮ್, ಶುಕ್ರವಾರ

ನಮ್ಮ ಗೈಡ್ ಯೂಸುಫ್ ಲವಲವಿಕೆಯ ಮನುಷ್ಯ. ಪ್ರತಿ ಗುಡ್ಡಕ್ಕೂ ಒಂದು ಕಥೆ, ಪ್ರತಿ ಕಥೆಗೂ ಒಂದು ಅಂಗಡಿ. ಧೈರ್ಯ ಮಾಡಿ ಅವನಲ್ಲಿ ತೊಂಬತ್ತೆಂಟು, ತೊಂಬತ್ತೈದರ ಪ್ರಶ್ನೆ ಕೇಳಿದೆ. ಅವನು ಗಮನವಿಟ್ಟು ಕೇಳಿ, "ಮೇಡಂ, ಇಷ್ಟು ವರ್ಷದಲ್ಲಿ ನನ್ನನ್ನು ಎಲ್ಲರೂ ಕೇಳಿದ್ದು ಶೌಚಾಲಯ ಎಲ್ಲಿ ಎಂದು. ಇದನ್ನು ಕೇಳಿದವರು ನೀವೇ ಮೊದಲು," ಎಂದು ಊಟದ ಸಮಯ ನೋಡಿಕೊಂಡ. ಫಾದರ್‌ನಲ್ಲಿ ಕೇಳಿದೆ. ಅವರು ನಂಬಿಕೆಯಿದ್ದರೆ ಸಾಕು ಟೀಚರ್ ಎಂದರು. ಪುಣ್ಯಸ್ಥಳಗಳಲ್ಲಿ ಎಲ್ಲರೂ ಅಳುತ್ತಿದ್ದರು, ಹಾಡುತ್ತಿದ್ದರು, ಕಲ್ಲಿಗೆ ಹಣೆ ಹಚ್ಚುತ್ತಿದ್ದರು. ನಾನು ಅವರ ಚಪ್ಪಲಿ, ಚೀಲ ಕಾಯುತ್ತ ಬಿಸಿಲಲ್ಲಿ ನಿಂತೆ. ಚೀಲ ಕಾಯಲು ಒಳ್ಳೆಯ ಜನ ಸಿಕ್ಕಿದ್ದಾರೆ ಎಂದು ಎಲ್ಲರಿಗೂ ಸಂತೋಷವಾಯಿತು.

ಆ ದೇಶದವರ ಬೆಳಗಿನ ತಿಂಡಿ ಹಸಿ ಸೌತೆಕಾಯಿ, ಟೊಮೆಟೊ, ಮೊಸರು, ಉಪ್ಪಿನಲ್ಲಿ ಹಾಕಿದ ಆಲಿವ್ ಕಾಯಿ. ನಮ್ಮ ಮಿಡಿಗೆ ಎಷ್ಟೋ ಸಮೀಪದ ನೆಂಟ ಎಂದು ಆಲಿವನ್ನು ಬಾಯಿಗೆ ಹಾಕಿಕೊಂಡೆ, ನೆಂಟಸ್ತಿಕೆ ಅಲ್ಲಿಗೇ ಮುಗಿಯಿತು. ಅವರಿಗೂ ಹೊಸ ವರ್ಷ ಒಂದಲ್ಲ ಎಂದು ಯೂಸುಫ್ ಹೇಳಿದ. ತಿಂಗಳು ಎಣಿಸುವುದು ವಸಂತದಿಂದ, ವರ್ಷ ಬದಲಾಗುವುದು ಅಲ್ಲಿನ ಮಳೆಗಾಲದ ಮುಂಚೆ, ಸೆಪ್ಟೆಂಬರಿನ ಸುಮಾರಿಗೆ. ಗುಂಪಿನವರು ನಕ್ಕರು. ನನಗೆ ವಿಚಿತ್ರ ಅನಿಸಲಿಲ್ಲ. ನಮ್ಮ ಓಣಿಯಲ್ಲೇ ಒಂದು ಮನೆಗೆ ಚಾಂದ್ರ ಯುಗಾದಿ, ಎದುರು ಮನೆಗೆ ಸೌರ ಯುಗಾದಿ, ನಮಗೆ ಟೀಚರುಗಳಿಗೆ ಜೂನ್ ತಿಂಗಳು. ಪಕ್ಕಕ್ಕೆ ತಿರುಗಿ ಸೆಲಿನ್ ಟೀಚರಿಗೆ ಇದನ್ನು ಹೇಳಹೊರಟೆ. ಪಕ್ಕದಲ್ಲಿ ಬಸ್ಸಿನ ಕಿಟಕಿ ಇತ್ತು.

ಶುಕ್ರವಾರ ಸಂಜೆ ಸೂರ್ಯ ಮುಳುಗಿದ್ದೇ ಊರಿಗೆ ಊರೇ ಬಾಗಿಲು ಹಾಕಿತು. ಯೆಹೂದ್ಯರ ವಿಶ್ರಾಂತಿಯ ದಿನ ಶುರುವಾಯಿತು. ಆ ದಿನ ದೀಪದ ಗುಂಡಿಯನ್ನೂ ಒತ್ತಬಾರದು, ಲಿಫ್ಟಿನ ಗುಂಡಿಯನ್ನೂ ಒತ್ತಬಾರದು. ಅದಕ್ಕೆ ಹೋಟೆಲಿನವರು ಒಂದು ಲಿಫ್ಟನ್ನು ತನ್ನಷ್ಟಕ್ಕೆ ಪ್ರತಿ ಮಹಡಿಯಲ್ಲೂ ನಿಂತು ನಿಂತು ಹೋಗುವ ಹಾಗೆ ಮಾಡಿಡುತ್ತಾರೆ. ಇದು ಗೊತ್ತಿಲ್ಲದೆ ಊಟ ಮುಗಿಸಿದ ನಾನು ಅದಕ್ಕೇ ಹತ್ತಿದೆ. ಬಾಗಿಲು ಮುಚ್ಚುವ ಹೊತ್ತಿಗೆ ಮಾರ್ಸೆಲ್ ಒಳಗೆ ಬಂದರು. ನಮ್ಮ ಕೋಣೆಗಳು ಎಂಟನೇ ಮಹಡಿಯಲ್ಲಿ.

ಒಂದನೇ ಮಹಡಿಯಲ್ಲಿ ಲಿಫ್ಟು ನಿಂತಿತು. ಬಾಗಿಲು ತೆರೆಯಿತು, ಯಾರೂ ಇಲ್ಲ. ಬಹಳ ಹೊತ್ತು ಹಾಗೇ ತೆರೆದುಕೊಂಡಿತ್ತು. ಮಾರ್ಸೆಲ್ ಗುಂಡಿ ಒತ್ತಿದರು, ಏನೂ ಆಗಲಿಲ್ಲ. ಎರಡನೇ ಮಹಡಿಯಲ್ಲಿ ಮತ್ತೆ ಹಾಗೇ. ಖಾಲಿ ಕಾರಿಡಾರು, ಮಬ್ಬು ದೀಪ, ಮುಚ್ಚಿದ ಬಾಗಿಲುಗಳು. ಮೂರನೆಯದಕ್ಕೆ ನಿಂತಾಗ ಮಾರ್ಸೆಲ್ ಗಂಟಲು ಸರಿ ಮಾಡಿಕೊಂಡು, ಬಾಗಿಲ ಕಡೆ ನೋಡುತ್ತಲೇ ಹೇಳಿದರು.

"ಬಾಷ."

ನಾನು ತಿರುಗಿ ನೋಡಿದೆ. ಉತ್ತರದ ಪಟ್ಟಿಯ ಮೂರನೇ ಅರಸನ ಹೆಸರು ಅದು.

"ಯಾರೊಬ್ಬಾಮ ಹೋಯ್ತ್, ನಾದಾಬ ಹೋಯ್ತ್. ಇದ್ ಬಾಷ ಅಲ್ದಾ ಟೀಚರೇ?"

ನಾಲ್ಕನೇ ಮಹಡಿಗೆ ಏಲ ಎಂದರು. ಅಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತ ಅರ್ಧಕ್ಕೆ ನಿಂತು, ಮತ್ತೆ ತೆರೆದು, ಮತ್ತೆ ಮುಚ್ಚಿತು. "ಅರೆ, ಜಿಮ್ರಿ. ಏಳ್ ದಿನದವ," ಎಂದರು. ಐದಕ್ಕೆ ಒಮ್ರಿ. ಆರಕ್ಕೆ ಅಹಾಬ. ಏಳಕ್ಕೆ ಅಹಜ್ಯ. ಎಂಟನೆಯದಕ್ಕೆ ನಾನೇ ಯೋರಾಮ ಎಂದೆ. ಬಾಗಿಲು ತೆರೆಯಿತು, ಇಬ್ಬರೂ ಇಳಿಯದೆ ನಿಂತೆವು.

"ನಿಮ್ಗೆ ಹ್ಯಾಂಗೆ ಗೊತ್ತ್?" ಎಂದೆ.

"ಆದಿತ್ಯವಾರ ಸಂಜಿಗೆ ಬೊಂಬಾಯಿಂದ ಫೋನ್ ಮಾಡ್ತಿದ್ದೆ ಅಲ್ದಾ. ಅವ್ಳ್ ಬ್ರಹ್ಮಾವರದ್ ಎಸ್‌ಟಿಡಿ ಬೂತಂಗೆ ಬಂದ್ ಕಾಯ್ತಿದ್ಲ್. ನಾನ್ ಊಟ ಆಯ್ತಾ, ಮಳೆ ಬಂತಾ ಅಂದೇಳಿ ಕೇಂತೆ. ಅವ್ಳ್ ನಾದಾಬನ್ ಸುದ್ದಿ ಹೇಳ್ತಾ ಇದ್ಲ್. ಗಿರ್ಜಾ ಟೀಚರ್ ಐದ್ ವರ್ಷ ಒಪ್ಪುದಿಲ್ಲ ಅಂತ್ರ್, ಅಂದೇಳಿ. ನಮ್ ಫೋನಂಗೆ ಅರ್ಧ ನೀವೇ ಇಪ್ಪುದ್. ನಂಗೆ ಸಿಟ್ ಬತ್ತಿತ್ತ್, ಸುಳ್ ಹೇಳುದ್ ಎಂತಕ್ಕೆ."

ಬಾಗಿಲು ಮುಚ್ಚಿತು. ಲಿಫ್ಟು ನಮ್ಮನ್ನು ಹೊತ್ತುಕೊಂಡು ಮತ್ತೆ ಕೆಳಕ್ಕೆ ಹೊರಟಿತು, ಯೋರಾಮನಿಂದ ಯಾರೊಬ್ಬಾಮನವರೆಗೆ, ಒಂದೊಂದೇ ಖಾಲಿ ಮಹಡಿಯಲ್ಲಿ ನಿಲ್ಲುತ್ತ. ಆ ಬೂತಿನ ಹೊರಗಿನ ಬೆಂಚಿನ ಮೇಲೆ ನಾನೂ ಎಷ್ಟೋ ಭಾನುವಾರ ಕೂತಿದ್ದೆ. ಒಳಗೆ ಗಾಜಿನ ಹಿಂದೆ ಸೆಲಿನ್ ಟೀಚರ್ ನಗುತ್ತಿದ್ದರೆ ಗಂಡನ ಮಾತಿಗೆ ನಗುತ್ತಿದ್ದಾರೆ ಎಂದು ನಾನು ಹೊಟ್ಟೆಕಿಚ್ಚು ಪಟ್ಟಿದ್ದೆ.

ಶನಿವಾರ

ಮಧ್ಯಾಹ್ನ ಗುಂಪಿಗೆ ಬಿಡುವು. ಕೆಲವರು ನಿದ್ದೆಗೆ, ಕೆಲವರು ಹಳೇ ಪಟ್ಟಣದ ಅಂಗಡಿಗಳಿಗೆ. ನಾನು ಮ್ಯೂಸಿಯಮ್ಮಿಗೆ ಹೊರಟೆ. ಅದು ತೆರೆದಿತ್ತು, ಆದರೆ ಅಲ್ಲಿಗೆ ಹೋಗುವ ಬಸ್ಸು ಆ ದಿನ ಇಲ್ಲ. ಹೋಟೆಲಿನ ಬಾಗಿಲಲ್ಲಿ ಮಾರ್ಸೆಲ್ ಬೂಟಿನ ಲಾಡಿ ಕಟ್ಟುತ್ತ ಕೂತಿದ್ದರು.

"ಆ ಕಪ್ಪ್ ಕಲ್ಲ್ ಕಾಂಬುಕಲ್ದಾ? ನಡ್ಕಂಡೇ ಹೋಪ," ಎಂದರು.

ಅವರ ಮೊಣಕಾಲು ಸರಿಯಿಲ್ಲ, ನನ್ನದು ಮೊದಲೇ ಸರಿಯಿಲ್ಲ. ನಕಾಶೆ ಹಿಡಿದುಕೊಂಡು ನಡೆದೆವು. ಬಂದ್ ದಿನ ಕುಂದಾಪುರದ ಪೇಟೆ ಹೇಗಿರುತ್ತದೋ ಹಾಗಿತ್ತು ಇಡೀ ನಗರ. ಅಗಲ ರಸ್ತೆ, ಒಂದು ವಾಹನವಿಲ್ಲ. ಸಿಗ್ನಲ್ ದೀಪ ಮಾತ್ರ ಯಾರಿಗೂ ಅಲ್ಲದೆ ಕೆಂಪಾಗಿ ಹಸಿರಾಗುತ್ತಿತ್ತು. ಮಾರ್ಸೆಲ್ ಕೆಂಪು ಬಂದಾಗಲೆಲ್ಲ ನಿಂತರು. ಬೊಂಬಾಯಿಯ ಅಭ್ಯಾಸ ಇರಬೇಕು ಎಂದರೆ, ಬೊಂಬಾಯಿಯಲ್ಲಿ ಯಾರೂ ನಿಲ್ಲುವುದಿಲ್ಲ, ಕಾಲಿಗೆ ಸ್ವಲ್ಪ ವಿಶ್ರಾಂತಿ ಎಂದರು. ಕರಿ ಕೋಟಿನ ಅಪ್ಪಂದಿರು ಮಕ್ಕಳ ಸಾಲು ಹಿಡಿದುಕೊಂಡು ನೆಂಟರ ಮನೆಗೆ ನಡೆಯುತ್ತಿದ್ದರು. ಎಲ್ಲರಿಗೂ ಹೋಗಲು ಒಂದು ಮನೆ ಇದೆ ಅನಿಸಿ ನನಗೆ ದುಃಖವಾಯಿತು.

ಆ ಕಲ್ಲು ನಾನು ಎಣಿಸಿದ್ದಕ್ಕಿಂತ ಸಣ್ಣದು. ಒಡೆದ ಚೂರುಗಳನ್ನು ಜೋಡಿಸಿ ನಿಲ್ಲಿಸಿದ್ದಾರೆ, ನಡುವೆ ಇಲ್ಲದ ಭಾಗಕ್ಕೆ ಏನೂ ಬರೆಯದ ಸಾದಾ ತುಂಬುವಿಕೆ. ಪಕ್ಕದ ಬರಹ ಓದಿದೆ. ವೈರಿ ಅರಸನೊಬ್ಬ ತಾನೇ ಆ ಇಬ್ಬರನ್ನು ಕೊಂದೆ ಎಂದು ಕೊಚ್ಚಿಕೊಂಡು ಹಾಕಿಸಿದ ಕಲ್ಲಂತೆ. ಅಲ್ಲಿಗೆ ಸೇನಾಪತಿಯ ಕಥೆಗೂ ಇದಕ್ಕೂ ತಾಳ ಇಲ್ಲ. ವರ್ಷದ ಲೆಕ್ಕವಂತೂ ಒಂದೂ ಇಲ್ಲ. ಇಬ್ಬರು ಅರಸರ ಹೆಸರೂ ಪೂರ್ತಿ ಉಳಿದಿಲ್ಲ. ಒಬ್ಬನದು ಕೊನೆಯ ಎರಡು ಅಕ್ಷರ, ಇನ್ನೊಬ್ಬನದೂ ಬಾಲ ಮಾತ್ರ, ತಲೆ ಒಡೆದು ಹೋಗಿದೆ. ಇಷ್ಟು ದೂರ ಬಂದದ್ದು ಇದಕ್ಕೆ. ನಾನು ಹೇಳಿದ್ದೂ ಗೆಲ್ಲಲಿಲ್ಲ, ಅವರು ಹೇಳಿದ್ದೂ ಗೆಲ್ಲಲಿಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕರವಸ್ತ್ರ ತೆಗೆದರೆ ಅದರಲ್ಲೂ ಉಪ್ಪಿನಕಾಯಿಯ ವಾಸನೆ.

ಮಾರ್ಸೆಲ್ ಗಾಜಿನ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದರು.

"ಎಂತ ಬರ್ದಿತ್ತ್?"

"ಉತ್ತರದ್ ಯೋರಾಮ, ದಕ್ಷಿಣದ್ ಅಹಜ್ಯ. ಹೆಸ್ರ್ ಅರ್ಧ ಇತ್ತ್."

"ಅರ್ಧ ಇದ್ರೂ ಅವ್ರೇ ಅಂದೇಳಿ ಒಪ್ಪಿದ್ರಲ್ದಾ?"

"ಹೆಚ್ಚಿನವ್ರ್ ಒಪ್ಪಿದ್ರ್."

ಅವರು ನೆಟ್ಟಗಾಗಿ ನಿಂತರು. ಆಮೇಲೆ ನನ್ನ ಮುಖ ನೋಡದೆ, ಕಲ್ಲಿಗೇ ಹೇಳುವವರ ಹಾಗೆ ಹೇಳಿದರು.

"ಟೀಚರೇ, ನಾನ್ ಬೊಂಬಾಯಿ ಬಿಟ್ ಊರಿಗ್ ಬಂದದ್ದ್ ಅವ್ಳಿಗೆ ಅರವತ್ತೊಂದ್ ತುಂಬಿದ್ ವಾರ. ಮೂವತ್ತೈದ್ ವರ್ಷ ಅಂದೇಳಿ ಎಲ್ಲರ ಹತ್ರ ಹೇಳ್ತೆ ನಾನ್. ಮನ್ಯಂಗೆ ಒಟ್ಟಿಗ್ ಇದ್ದದ್ದ್ ಆ ಏಳ್ ತಿಂಗ್ಳೇ. ಬೆಳಿಗ್ಗೆ ಚಾ ಮಾಡಿ ಕೊಡ್ತಿದ್ದೆ. ಅವ್ಳಿಗೆ ಕಡಿಗೆ ಕುಡುಕೂ ಆತಿರ್ಲಿಲ್ಲ. ನೀವ್ ಅರವತ್ತೊಂದ್ ಅಂದೇಳಿ ಬರೆಸಿರೆ ಕಲ್ಲಂಗೆ ಆ ವರ್ಷವೇ ಇಲ್ಲ. ನಾನ್ ಬಂದದ್ದೇ ಇಲ್ಲ."

ಆ ಏಳು ತಿಂಗಳು ನನಗೆ ಬೇರೆಯಾಗಿಯೇ ನೆನಪಿದೆ. ಗಂಡ ಮನೆಗೆ ಬಂದರು, ಇನ್ನು ನಾನು ಹೋಗಿ ಕೂರುವುದು ಸರಿಯಲ್ಲ ಎಂದು ನಾನೇ ಹೋಗುವುದನ್ನು ಕಡಿಮೆ ಮಾಡಿದ ತಿಂಗಳುಗಳು ಅವು. ನಮ್ಮ ಪರಿಚಯವಾದ ಮೇಲೆ ಸೆಲಿನ್ ಟೀಚರ ಆಯುಷ್ಯದಲ್ಲಿ ನನ್ನ ಪಾಲಿಗೆ ಬಾರದ ವರ್ಷ ಅದೊಂದೇ. ತುಂಬಿದ್ದನ್ನು ಮಾತ್ರ ಎಣಿಸಬೇಕೆಂಬ ನನ್ನ ಹಟ ಬರೀ ಗಣಿತವಲ್ಲ ಎಂದು ಆ ಒಡೆದ ಕಲ್ಲಿನ ಮುಂದೆ ನನಗೆ ತಿಳಿಯಿತು. ಅವರು ಹೇಳಿದ್ದರಲ್ಲಿ ಉತ್ತರದವರ ಲೆಕ್ಕವೇ ಇತ್ತು. ಅರಸ ವರ್ಷದ ನಡುವೆ ಸತ್ತರೆ ಆ ವರ್ಷವನ್ನು ಕಸಿದುಕೊಳ್ಳುತ್ತಿರಲಿಲ್ಲ, ಇಡಿಯಾಗಿ ಅವನ ಹೆಸರಿಗೇ ಬಿಡುತ್ತಿದ್ದರು. ನಾದಾಬನಿಗೆ ಕೊಟ್ಟದ್ದನ್ನು ನಾನು ಸೆಲಿನ್ ಟೀಚರಿಗೆ ಕೊಡುವುದಿಲ್ಲ ಎಂದಿದ್ದೆ.

"ಕಾರ್ಕಳಕ್ಕೆ ಫೋನ್ ಮಾಡಿ," ಎಂದೆ. "ಅರವತ್ತೆರಡ್ ಅಂದೇಳಿ ಬರೆಸಿ."

"ಲೆಕ್ಕ ತಪ್ಪ್ ಆತಿಲ್ಯಾ?"

"ಆತಿಲ್ಲ. ಅದೂ ಒಂದ್ ಲೆಕ್ಕವೇ."

ಅವರು ತಲೆಯಾಡಿಸಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಮಾರ್ಸೆಲ್ ಚೀಲದಿಂದ ಬಾಳೆಹಣ್ಣು ತೆಗೆದು ಒಂದು ನನಗೆ ಕೊಟ್ಟರು, ಒಂದು ತಾವು ತೆಗೆದುಕೊಂಡರು. ಚೀಲದಲ್ಲಿ ಇನ್ನೊಂದು ಉಳಿಯಿತು. ಬೆಳಿಗ್ಗೆ ತಿಂಡಿಯ ಮೇಜಿನಿಂದ ಮೂರು ತೆಗೆದಿಟ್ಟಿದ್ದರು, ಯಾಕೆ ಮೂರು ಎಂದು ನಾನು ಕೇಳಲಿಲ್ಲ. ಮರಳುವಾಗ ಅರಬ್ಬಿ ಟ್ಯಾಕ್ಸಿಯೊಂದು ಸಿಕ್ಕಿತು. ಆ ಚಾಲಕ ನಮ್ಮನ್ನು ಗಂಡಹೆಂಡತಿ ಎಂದುಕೊಂಡು, ಜಗಳವಾಡಿದ್ದೀರಾ, ಯಾಕೆ ಸುಮ್ಮನಿದ್ದೀರಿ ಎಂದು ದಾರಿಯುದ್ದಕ್ಕೂ ಸಮಾಧಾನ ಹೇಳಿದ.

ಮತ್ತೆ ಬ್ರಹ್ಮಾವರ

ವರ್ಷದ ಪೂಜೆಯ ದಿನ ಸಣ್ಣ ಮಳೆ. ಬೈಂದೂರಿನ ಅಣ್ಣ ಬಂದಿದ್ದರು, ನೆರೆಯವರು ಬಂದಿದ್ದರು. ಈ ಸಲ ನನಗೆ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಗೊತ್ತಿತ್ತು. ಚೀಲ ಕಾಯುತ್ತ ಅಷ್ಟು ಇಗರ್ಜಿಗಳ ಬಾಗಿಲಲ್ಲಿ ನಿಂತದ್ದರ ಲಾಭ ಅದೊಂದು. ಎಲ್ಲರೂ ಮೇಣದಬತ್ತಿ ಹಚ್ಚಿ ಚಾ ಕುಡಿಯಲು ಹೋದ ಮೇಲೆ ನಾನು ಕಲ್ಲಿನ ಹತ್ತಿರ ಹೋದೆ. ಹೆಸರಿನ ಕೆಳಗೆ ಪ್ರಾಯ ಅರವತ್ತೆರಡು ಎಂದಿತ್ತು. ಅಂಕೆ ಹೆಸರಿಗಿಂತ ಹೊಸದಾದ್ದರಿಂದ ಅದರ ಗೀರು ಇನ್ನೂ ಬೆಳ್ಳಗಿತ್ತು.

ಒಂದು ವಿಷಯ ಅಲ್ಲಿ ನಿಂತಾಗ ನೆನಪಾಯಿತು. ಉತ್ತರದವರ ರೀತಿಯಲ್ಲಿ ಸತ್ತ ಅರಸನ ಕೊನೆಯ ವರ್ಷವನ್ನು ಅವನಿಗೆ ಇಡಿಯಾಗಿ ಕೊಟ್ಟ ಮೇಲೂ ಅದೇ ವರ್ಷವನ್ನು ಮುಂದೆ ಬಂದವನ ಮೊದಲ ವರ್ಷ ಎಂದು ಮತ್ತೊಮ್ಮೆ ಎಣಿಸುತ್ತಾರೆ. ಬಸ್ಸಿನಲ್ಲಿ ನಾವು ಎಷ್ಟೋ ಸಲ ಆಡಿದ ಮಾತು. ಆಗ ಅದು ಲೆಕ್ಕದಲ್ಲಿ ಕಳೆಯಬೇಕಾದ ಒಂದು ವರ್ಷ, ಅಷ್ಟೇ ಆಗಿತ್ತು.

ಮಾರ್ಸೆಲ್ ಎರಡು ಲೋಟ ಚಾ ಹಿಡಿದುಕೊಂಡು ಬಂದರು. ಒಂದು ನನಗೆ ಕೊಟ್ಟು, ಕೊಡೆಯನ್ನು ಸ್ವಲ್ಪ ನನ್ನ ಕಡೆಗೆ ಸರಿಸಿ, ಕಲ್ಲು ನೋಡುತ್ತ ನಿಂತರು.

"ಅವ್ಳ್ ಹೋಯಿ ಒಂದ್ ವರ್ಷ ಆಯ್ತ್ ಅಲ್ದಾ ಟೀಚರೇ," ಎಂದರು.

ತುಂಬಿದ್ದು ಒಂದು. ನಲವತ್ತು ವರ್ಷದಿಂದ ನಾನು ಹಾಗೇ ಎಣಿಸಿದವಳು.

"ಎರಡ್," ಎಂದೆ. "ಈಗ ಎರಡ್ ನಡೀತಾ ಇತ್ತ್."